ಅಪ್ಪ-ಮಗನ ನಡುವೆ ಅಮ್ಮ ಅಂಚೆಯವಳೇ?

"ನಿನ್ನ ಮಗನಿಗೆ ಹೇಳು, ನಾಳೆ ಅಡಿಕೆ ಸುಲಿಯಲಿಕ್ಕೆ ಜನ ಬರ್ತಾರೆ, ಎಲ್ಲಿಗೂ ಹೋಗುವುದು ಬೇಡ ಅಂತ."

"ಅಮ್ಮಾ, ಅಪ್ಪನಿಗೆ ಹೇಳು, ನಾಳೆ ನಂಗೆ ಪುತ್ತೂರಿನಲ್ಲಿ ಕೆಲಸ ಉಂಟು ಅಂತ."

ಇಬ್ಬರೂ ಕೂತಿರುವುದು ಒಂದೇ ಚಾವಡಿಯಲ್ಲಿ. ನಡುವೆ ನಾಲ್ಕು ಮಾರು ದೂರವೂ ಇಲ್ಲ. ಆದರೂ ಮಾತು ಮಾತ್ರ ಅಡುಗೆಮನೆಗೆ ಒಂದು ಸುತ್ತು ಬಂದೇ ಆಚೆ ತಲುಪಬೇಕು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ಸರಿ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿದ್ದರೂ ಸರಿ, ಅಂಚೆ ಹಂಚುವ ಕೆಲಸ ಅಮ್ಮನದ್ದೇ!

ಇದು ಸುಳ್ಯದ ಕಡೆ ಇರುವ ನನ್ನ ಅಕ್ಕನ ಮನೆಯ ಕಥೆ. ನಿಮ್ಮ ಮನೆಯದ್ದೂ ಆಗಿರಬಹುದು. "ನಿನ್ನ ಮಗ" ಅನ್ನುವ ಮಾತಿನ ಅರ್ಥವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಪಿಯುಸಿಯಲ್ಲಿ ಒಳ್ಳೆಯ ಮಾರ್ಕು ಬಂದ ದಿನ ಅವನು "ನನ್ನ ಮಗ". ಬೈಕು ತಂದು ಗೇಟಿಗೆ ಗುದ್ದಿದ ದಿನ "ನಿನ್ನ ಮಗ". ಗಂಡಸರ ಈ ವ್ಯಾಕರಣ ನಮಗೆಲ್ಲ ಬಾಯಿಪಾಠ.

ಭಾವನಿಗೆ ಚಿಕ್ಕಂದಿನಲ್ಲಿ ಇಂಜಿನಿಯರ್ ಆಗಬೇಕು ಅಂತ ತುಂಬಾ ಆಸೆ ಇತ್ತಂತೆ. ಆದರೆ ಅವರ ಅಪ್ಪ, "ತೋಟ ನೋಡುವವರು ಯಾರು?" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. ಆ ಆಸೆ ಮಗ ಹುಟ್ಟಿದ ಮೇಲೆ ಪುನಃ ಚಿಗುರಿತು. ಮಗ ಇಂಜಿನಿಯರ್ ಆದ, ಬೆಂಗಳೂರಿಗೆ ಹೋದ, ಮೂರು ವರ್ಷ ಕೆಲಸವನ್ನೂ ಮಾಡಿದ. ಆಮೇಲೆ ಒಂದು ದಿನ ಬ್ಯಾಗು ಹೊತ್ತುಕೊಂಡು ಬಂದು, "ನಾನು ಇಲ್ಲೇ ಇರ್ತೇನೆ, ತೋಟ ನೋಡ್ಕೊಳ್ತೇನೆ" ಅಂದ! ಬೇರೆ ಅಪ್ಪಂದಿರಾದರೆ ಪಾಯಸ ಮಾಡಿಸುತ್ತಿದ್ದರೋ ಏನೋ. ಭಾವನಿಗೆ ಮಾತ್ರ ತಲೆಯ ಮೇಲೆ ಆಕಾಶ ಬಿದ್ದ ಹಾಗಾಯಿತು. ಹಳದಿ ಎಲೆ ರೋಗ ಬಂದು ಸುಳ್ಯದ ಕಡೆಯ ಎಷ್ಟೋ ತೋಟಗಳು ಬೋಳಾಗಿವೆ. ಅಂಥದ್ದರಲ್ಲಿ ಇದನ್ನು ನಂಬಿ ಬರುವುದಾ? ಅಂದಿನಿಂದ ಅಪ್ಪ-ಮಗನ ನೇರ ಮಾತು ನಿಂತಿದೆ. ಬಾಕಿದ್ದೆಲ್ಲ ಅಕ್ಕನ ಮೂಲಕ.

ಆಟಕ್ಕೆ ಹೋದಾಗ ಕಂಡದ್ದು

ಕಳೆದ ಬೇಸಿಗೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ಹತ್ತಿರದಲ್ಲೇ ಒಂದು ಬಯಲಾಟ ಇತ್ತು. ಪ್ರಸಂಗ 'ಬಭ್ರುವಾಹನ ಕಾಳಗ'. ದೀಪಾವಳಿ ಕಳೆದ ಮೇಲೆ ಮೇಳಗಳು ಹೊರಟವೆಂದರೆ ಪತ್ತನಾಜೆಯವರೆಗೂ ಪುತ್ತೂರು, ಸುಳ್ಯ, ಕಡಬ ಕಡೆಯವರಿಗೆ ಆಟದ ಸುಗ್ಗಿ. ಹಿಂದಿನ ಹಾಗೆ ಬೆಳಗಾಗುವವರೆಗೆ ಕೂರಬೇಕಾಗಿಲ್ಲ, ಹಲವು ಮೇಳಗಳ ಆಟ ಈಗ ನಡುರಾತ್ರಿಗೇ ಮುಗಿಯುತ್ತದೆ. ಅಕ್ಕ, ಭಾವ, ಮಗ, ನಾನು ನಾಲ್ವರೂ ಹೋದೆವು. ಭಾವ ಮುಂದಿನ ಕುರ್ಚಿಯಲ್ಲಿ, ಮಗ ದೂರದ ಚರುಮುರಿ ಅಂಗಡಿಯ ಹತ್ತಿರ.

ಕಥೆ ನಿಮಗೆ ಗೊತ್ತೇ ಇದೆ. ಅರ್ಜುನ ತೀರ್ಥಯಾತ್ರೆಗೆ ಬಂದವನು ಚಿತ್ರಾಂಗದೆಯನ್ನು ಮದುವೆಯಾಗಿ, ಆಮೇಲೆ ಹೊರಟು ಹೋಗುತ್ತಾನೆ. ಮಗ ಬಭ್ರುವಾಹನ ತಾಯಿಯ ನೆರಳಲ್ಲೇ ಬೆಳೆಯುತ್ತಾನೆ. ಎಷ್ಟೋ ವರ್ಷದ ಮೇಲೆ ಧರ್ಮರಾಯನ ಅಶ್ವಮೇಧದ ಕುದುರೆ ಮಣಿಪುರಕ್ಕೆ ಬರುತ್ತದೆ. ಮಗ ಕುದುರೆಯನ್ನು ಕಟ್ಟುತ್ತಾನೆ. "ಅಯ್ಯೋ, ಅದರ ಹಿಂದೆ ಬಂದವರು ನಿನ್ನ ಅಪ್ಪ" ಅಂತ ತಾಯಿ ಹೇಳಿದ ಮೇಲೆ ಕಪ್ಪಕಾಣಿಕೆ ಹಿಡಿದುಕೊಂಡು ಅಪ್ಪನ ಕಾಲಿಗೆ ಬೀಳಲು ಓಡುತ್ತಾನೆ. ಅಪ್ಪ ಮಾಡಿದ್ದೇನು? ಕಾಲಿಗೆ ಬಿದ್ದ ಮಗನನ್ನು ಒದೆಯುತ್ತಾನೆ. ಹೇಡಿ ಅನ್ನುತ್ತಾನೆ. ಹೆತ್ತವಳ ಶೀಲದ ಮೇಲೂ ಮಾತಾಡುತ್ತಾನೆ. ಆಟದಲ್ಲಿ ಅರ್ಜುನ ಇಲ್ಲಿ ಅಭಿಮನ್ಯುವಿನ ಹೆಸರು ಎತ್ತುವುದೂ ಉಂಟು. 'ಅವನಪ್ಪಾ ಮಗ ಅಂದ್ರೆ' ಅನ್ನುವ ಧಾಟಿ. ನಮ್ಮ ಮನೆಗಳಲ್ಲಿ ಪಕ್ಕದ ಮನೆಯ ಹುಡುಗನ ಹೆಸರು ಎತ್ತುವ ಹಾಗೆಯೇ!

ಮಹಾಭಾರತದಲ್ಲಿ ಈ ಸಂದರ್ಭ ಸ್ವಲ್ಪ ಬೇರೆ ಇದೆ. ಯುದ್ಧ ಮಾಡದೆ ಶರಣಾಗಿ ಬಂದನಲ್ಲ ಅಂತ ಅಲ್ಲಿ ಅರ್ಜುನ ಗದರುತ್ತಾನೆ. ಕಾಲಿನಿಂದ ಒದ್ದದ್ದು, ತಾಯಿಯನ್ನು ಜರೆದದ್ದು ನಮ್ಮ ಕನ್ನಡದವರಿಗೆ ಲಕ್ಷ್ಮೀಶನ ಜೈಮಿನಿ ಭಾರತದಿಂದ ಬಂದದ್ದು. ಒದೆ ತಿಂದ ಮಗ ಎದ್ದು ನಿಲ್ಲುತ್ತಾನಲ್ಲ, ಆ ಗಳಿಗೆಗಾಗಿಯೇ ಜನ ಕಾಯುತ್ತಾರೆ. 2021ರಲ್ಲಿ ತೀರಿಕೊಂಡ ಪುತ್ತೂರು ಶ್ರೀಧರ ಭಂಡಾರಿಯವರ ಬಭ್ರುವಾಹನನನ್ನು, ಅವರು ಗಿರಗಿರನೆ ಹಾಕುತ್ತಿದ್ದ ಧೀಂಗಿಣವನ್ನು ಈ ಕಡೆಯ ಹಿರಿಯರು ಇವತ್ತಿಗೂ ನೆನಪಿಸಿಕೊಳ್ಳುತ್ತಾರೆ.

ಆದರೆ ನನ್ನ ಕಣ್ಣು ಆವತ್ತು ಯಾಕೋ ಚಿತ್ರಾಂಗದೆಯ ಮೇಲೆಯೇ ಇತ್ತು. ಇಷ್ಟು ವರ್ಷ ಮಗನಿಗೆ ಅವಳು ಹೇಳುತ್ತಾ ಬಂದ ಅಪ್ಪ ಯಾರು? ಗಾಂಡೀವಿ, ಮಹಾವೀರ, ಕೃಷ್ಣನ ಸಖ. ಬಿಟ್ಟು ಹೋದ ಗಂಡನ ಮೇಲೆ ಅವಳಿಗೆ ಸಿಟ್ಟೇ ಇರಲಿಲ್ಲವೇ? ಇದ್ದಿರಲೇಬೇಕು. ಮಗನ ಎದುರು ಅದನ್ನು ತೋರಿಸಲಿಲ್ಲ, ಅಷ್ಟೇ. ಮಗ ಕಾಲಿಗೆ ಬಿದ್ದದ್ದು ಅಮ್ಮ ಹೇಳಿದ ಆ ಅಪ್ಪನಿಗೆ. ಒದ್ದವನು ನಿಜವಾದ ಅಪ್ಪ.

ಪುತ್ತೂರು ಪೇಟೆಯಲ್ಲೇ ನೋಡಿ, ಗಂಡ ದುಬಾಯಿಯಲ್ಲೋ ಮಸ್ಕತ್‌ನಲ್ಲೋ ಇರುವ ಎಷ್ಟು ಮನೆಗಳಿಲ್ಲ! ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಅಪ್ಪ ಬರುತ್ತಾರೆ. ನಡುವೆ ಅಪ್ಪ ಅಂದರೆ ಅಮ್ಮ ಹೇಳುವ ಮಾತು. "ಅಪ್ಪ ನಿನಗೋಸ್ಕರ ಬಿಸಿಲಲ್ಲಿ ದುಡಿಯುತ್ತಿದ್ದಾರೆ", "ಅಪ್ಪ ಬರಲಿ, ಹೇಳಿಕೊಡ್ತೇನೆ". ಮೊದಲ ಮಾತು ಅಪ್ಪನನ್ನು ದೇವರು ಮಾಡಿತು, ಎರಡನೆಯದ್ದು ಗುಮ್ಮ. ಹದಿನಾರರ ಹುಡುಗನ ಎದುರು ಒಂದು ದಿನ ಪೆಟ್ಟಿಗೆ ಇಳಿಸಿ ನಿಲ್ಲುವವರು ಎರಡೂ ಅಲ್ಲದ ಒಬ್ಬ ದಣಿದ ಮನುಷ್ಯ. ಅವರಿಗೂ ಅಷ್ಟೇ, ತಾನು ಎತ್ತಿ ಆಡಿಸಿದ ಮಗು ಮೀಸೆ ಮೂಡಿಸಿಕೊಂಡು, ಮೊಬೈಲ್ ಹಿಡಿದುಕೊಂಡು ಮೂಲೆಯಲ್ಲಿ ಕೂತಿದೆ. ವಾರ ಕಳೆಯುವಷ್ಟರಲ್ಲಿ ಜಗಳ. ಅಪ್ಪನ ಸಣ್ಣಪುಟ್ಟ ಸೋಲು, ಮರೆವು, ಹೆದರಿಕೆಗಳನ್ನೂ ನಗುತ್ತಾ ಮಕ್ಕಳಿಗೆ ಹೇಳುತ್ತಾ ಬಂದಿದ್ದರೆ ಆ ಹುಡುಗನಿಗೆ ಇಷ್ಟು ಆಘಾತ ಆಗುತ್ತಿರಲಿಲ್ಲವೇನೋ.

ಇನ್ನೊಂದು ತಮಾಷೆ ಗೊತ್ತಾ? ತುಳುವಿನಲ್ಲಿ ಅಪ್ಪೆ ಅಂದರೆ ತಾಯಿ, ಅಮ್ಮೆ ಅಂದರೆ ತಂದೆ. ಹೊಸದಾಗಿ ಈ ಕಡೆಗೆ ಸೊಸೆಯಾಗಿ ಬಂದ ಘಟ್ಟದ ಮೇಲಿನವರು ಇದರಲ್ಲಿ ಬೇಸ್ತು ಬೀಳುವುದಿದೆ. ನನಗಂತೂ ಕೆಲವೊಮ್ಮೆ ಅನಿಸುತ್ತದೆ, ವಾರಕ್ಕೊಮ್ಮೆ ಈ ಎರಡು ಕೆಲಸಗಳನ್ನೂ ಹೀಗೆ ಅದಲು ಬದಲು ಮಾಡಿಕೊಂಡರೆ ಎಷ್ಟು ಚೆನ್ನ!

ಹಿರಣ್ಯಕಶಿಪುವಿನ ಸಂಕಟವೂ ಕೇಳಿ

ತಂದೆ-ಮಗನ ಜಗಳ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವುದು ಪ್ರಹ್ಲಾದ. 1983ರ 'ಭಕ್ತ ಪ್ರಹ್ಲಾದ' ಸಿನಿಮಾದಲ್ಲಿ ಡಾ. ರಾಜ್‌ಕುಮಾರ್ ಹಿರಣ್ಯಕಶಿಪು, ಅವರ ಸ್ವಂತ ಮಗ ಪುನೀತ್ ಪ್ರಹ್ಲಾದ. ಅದನ್ನು ನೋಡಿ ಹಿರಣ್ಯಕಶಿಪುವಿಗೆ ಶಾಪ ಹಾಕಿದವರೇ ನಾವೆಲ್ಲ. ಆದರೆ ಪುತ್ತೂರು ಕಡೆಯ ಯಾವುದಾದರೂ ತಾಳಮದ್ದಳೆಗೆ ಹೋಗಿ ಕೂತುಕೊಳ್ಳಿ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಹಾಡು ಮತ್ತು ಮಾತು. ಒಳ್ಳೆಯ ಅರ್ಥಧಾರಿ ಹಿರಣ್ಯಕಶಿಪುವಾಗಿ ಕೂತರೆ ಹತ್ತು ನಿಮಿಷದಲ್ಲಿ ನೀವೇ ಅವನ ಪಕ್ಷ ಆಗಿಬಿಡುತ್ತೀರಿ!

ಯಾಕೆ ಅಂದರೆ ಅವನಿಗೂ ಒಂದು ನೋವುಂಟು. ಅವನ ತಮ್ಮ ಹಿರಣ್ಯಾಕ್ಷನನ್ನು ವಿಷ್ಣು ವರಾಹ ರೂಪದಲ್ಲಿ ಬಂದು ಕೊಂದಿದ್ದಾನೆ. ಮನೆಯವನನ್ನು ಕೊಂದವನ ಹೆಸರನ್ನೇ ಹೆತ್ತ ಮಗ ಬೆಳಿಗ್ಗೆ ಸಂಜೆ ಜಪಿಸುತ್ತಿದ್ದರೆ ಅಪ್ಪನ ಹೊಟ್ಟೆ ಉರಿಯದೆ ಇರುತ್ತದೆಯೇ? ತನ್ನ ಕುಲವನ್ನು ಮೇಲೆತ್ತಬೇಕಾದ ಮಗ ಅಂತ ಕನಸು ಕಟ್ಟಿ, ಶಂಡ-ಅಮರ್ಕರ ಹತ್ತಿರ ಪಾಠಕ್ಕೆ ಹಾಕುತ್ತಾನೆ. (ಮಗನ ತಲೆ ಸರಿ ಮಾಡಲಿಕ್ಕೆ ಟ್ಯೂಷನ್‌ಗೆ ಹಾಕಿದ ಮೊದಲ ಅಪ್ಪ ಇವನೇ ಇರಬೇಕು!) ಅವನು ಮಾಡಿದ ಹಿಂಸೆ ಖಂಡಿತಾ ತಪ್ಪು. ಹಾಗಂತ ಅವನ ದುಃಖ ಸುಳ್ಳಲ್ಲ. ಮಗನಿಗೆ ಆ ದುಃಖ ಕಾಣುವುದಿಲ್ಲ, ಅಪ್ಪನಿಗೆ ಮಗನ ಮನಸ್ಸು ಕಾಣುವುದಿಲ್ಲ. ನಡುವೆ ಕಯಾದು. ಇವರನ್ನೂ ಬಿಡಲಾರದೆ ಅವನನ್ನೂ ಬಿಡಲಾರದೆ ಕಣ್ಣೀರು ಹಾಕುವ ಪಾತ್ರ.

ಈಗ ಪುತ್ತೂರು ಸುತ್ತಮುತ್ತ ಮಹಿಳಾ ತಾಳಮದ್ದಳೆ ತಂಡಗಳೂ ಇವೆ. ಮನೆಗೆಲಸ ಮುಗಿಸಿ ಬಂದ ಗೃಹಿಣಿಯರೇ ಹಿರಣ್ಯಕಶಿಪು, ಅರ್ಜುನ, ಭೀಷ್ಮ ಎಲ್ಲ ಆಗುತ್ತಾರೆ. ಮನೆಯಲ್ಲಿ ಯಾವಾಗಲೂ ಕಯಾದುವಾಗಿ ಇರುವವಳಿಗೆ ಒಂದು ಗಂಟೆ ಹಿರಣ್ಯಕಶಿಪುವಿನ ಪರವಾಗಿ ವಾದಿಸುವ ಅವಕಾಶ! ಗಂಡ ಯಾಕೆ ಹಾಗೆ ಸಿಡುಕುತ್ತಾರೆ ಅನ್ನುವುದು ಅರ್ಥವಾಗಲಿಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ತೋಚುವುದಿಲ್ಲ.

ಬಲಿಯಾದವಳು ಸೊಸೆ

ಯಯಾತಿಯ ಕಥೆಯಲ್ಲಿ ಎಲ್ಲ ತಲೆಕೆಳಗು. ಅಲ್ಲಿ ಮಗ ಅಪ್ಪನ ಆಸೆ ತೀರಿಸುತ್ತಾನೆ. ಮುಪ್ಪಿನ ಶಾಪ ತಗುಲಿದ ಅಪ್ಪನಿಗೆ ಪುರು ತನ್ನ ಯೌವನವನ್ನೇ ಕೊಟ್ಟುಬಿಡುತ್ತಾನೆ. ಪುರಾಣ ಇದನ್ನು ಪಿತೃಭಕ್ತಿ ಅಂತ ಹೊಗಳುತ್ತದೆ. ಒಪ್ಪದ ಯದು ಮುಂತಾದವರಿಗೆ ಶಾಪ, ಒಪ್ಪಿದ ಪುರುವಿಗೆ ಸಿಂಹಾಸನ.

ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ ಮೊದಲ ನಾಟಕ 'ಯಯಾತಿ'ಯಲ್ಲಿ ಒಂದು ಹೊಸ ಪಾತ್ರ ತಂದರು. ಪುರುವಿನ ಹೆಂಡತಿ ಚಿತ್ರಲೇಖೆ. ಹೊಸದಾಗಿ ಮದುವೆಯಾಗಿ ಬಂದವಳು. ಅಪ್ಪ-ಮಗನ ನಡುವೆ ಈ ಕೊಡು-ಕೊಳ್ಳುವಿಕೆ ನಡೆಯುವಾಗ ಅವಳನ್ನು ಕೇಳಿದವರು ಯಾರು? ಯಾರೂ ಇಲ್ಲ! ಗಂಡನ ತ್ಯಾಗದ ಬಗ್ಗೆ ಮೊದಲು ಅವಳಿಗೆ ಹೆಮ್ಮೆಯೇ. ಮುದುಕನಾದ ಗಂಡನ ಮುಖವನ್ನು ಕಂಡ ಮೇಲೆ ಹೆದರುತ್ತಾಳೆ. ಹೋಗಿ ಮಾವನ ಹತ್ತಿರವೇ, ಅವರ ಯೌವನ ಅವರಿಗೆ ವಾಪಸು ಕೊಡಿ ಅಂತ ಕೇಳುತ್ತಾಳೆ. ಅವನು ಒಪ್ಪುವುದಿಲ್ಲ. ಹಾಗಾದರೆ ನನ್ನ ಗಂಡನ ಯೌವನ ಈಗ ನಿಮ್ಮಲ್ಲಿ ಇದೆಯಲ್ಲ, ನನ್ನನ್ನೂ ನೀವೇ ಸ್ವೀಕರಿಸಿ ಅಂದಾಗ ಮಾವ ಬೆಚ್ಚಿ ಬೀಳುತ್ತಾನೆ. ಕೊನೆಗೆ ಅವಳ ಜೀವವೇ ಹೋಗುತ್ತದೆ. ಆಮೇಲಷ್ಟೇ ಯಯಾತಿಗೆ ಬುದ್ಧಿ ಬರುವುದು.

ಕಾರ್ನಾಡರಿಗೆ ಆಗ ಇಪ್ಪತ್ತೆರಡರ ಆಸುಪಾಸು. ಆಕ್ಸ್‌ಫರ್ಡ್‌ಗೆ ಓದಲಿಕ್ಕೆ ಹೊರಟಿದ್ದರು. ಮಗ ದೂರ ಹೋಗುತ್ತಾನೆ, ತಿರುಗಿ ಬರುತ್ತಾನೋ ಇಲ್ಲವೋ ಅಂತ ಮನೆಯಲ್ಲಿ ಆತಂಕ. ಹಿರಿಯರು ಮಕ್ಕಳಿಂದ ಕೇಳುವ ತ್ಯಾಗದ ಮೇಲಿನ ತಮ್ಮ ಸಿಟ್ಟು ಈ ನಾಟಕದೊಳಗೆ ಸೇರಿಕೊಂಡಿತು ಅಂತ ಅವರು ಆಮೇಲೆ ಹೇಳಿಕೊಂಡಿದ್ದಾರೆ.

"ಅಪ್ಪ ಅಮ್ಮ ಹೇಳಿದ್ದಕ್ಕೆ ಒಂದೂ ಎದುರು ಮಾತಾಡದ ಹುಡುಗ" ಅಂತ ಮದುವೆ ಮಾತುಕತೆಯಲ್ಲಿ ಹೆಮ್ಮೆಯಿಂದ ಹೇಳುವುದನ್ನು ನೀವು ಕೇಳಿರುತ್ತೀರಿ. ನನಗಂತೂ ಅಂಥ ಹುಡುಗನನ್ನು ಕಂಡರೆ ಅವನ ಹೆಂಡತಿಯಾಗುವವಳ ಚಿಂತೆಯೇ ಮೊದಲು ಬರುತ್ತದೆ. ಎದುರಾಡುವ ಮಗನಿಂದ ಮನೆಯಲ್ಲಿ ಗಲಾಟೆ ಆಗುತ್ತದೆ ನಿಜ. ಆದರೆ ಬಾಯಿ ಮುಚ್ಚಿಕೊಂಡು ಅಪ್ಪನ ಕನಸನ್ನು ಹೊತ್ತವನು ಆ ಭಾರವನ್ನು ಇನ್ನೆಲ್ಲಾದರೂ ಇಳಿಸಲೇಬೇಕಲ್ಲ?

ಅಮೆರಿಕದ ಆರ್ಥರ್ ಮಿಲ್ಲರ್ 1949ರಲ್ಲಿ ಬರೆದ 'ಡೆತ್ ಆಫ್ ಎ ಸೇಲ್ಸ್‌ಮನ್' ನಾಟಕದಲ್ಲೂ ಇದೇ ಗೋಳು. ಊರೂರು ತಿರುಗಿ ಮಾಲು ಮಾರುವ ವಿಲ್ಲಿ ಲೋಮನ್‌ಗೆ ತಾನು ಏರಲಾರದ ಎತ್ತರಕ್ಕೆ ಮಗ ಬಿಫ್ ಏರಬೇಕು ಅನ್ನುವ ಹಟ. ಮಗನಿಗೆ ಬೇಕಾಗಿರುವುದು ಬಯಲಲ್ಲಿ, ದನಕುದುರೆಗಳ ನಡುವಿನ ಕೆಲಸ. ಅವರಿಬ್ಬರಿಗಿಂತ ನನ್ನನ್ನು ಕಾಡುವವಳು ಹೆಂಡತಿ ಲಿಂಡಾ. ಗಂಡ ಸಾಯುವ ಯೋಚನೆಯಲ್ಲಿದ್ದಾನೆ ಅನ್ನುವುದು ಅವಳಿಗೆ ಗೊತ್ತಾಗಿದೆ. ಅದಕ್ಕೆಂದು ಅವನು ಬಚ್ಚಿಟ್ಟ ರಬ್ಬರ್ ಕೊಳವೆಯನ್ನು ದಿನಾ ತೆಗೆದಿಡುತ್ತಾಳೆ. ಅವನು ಮನೆಗೆ ಬರುವ ಹೊತ್ತಿಗೆ ಪುನಃ ಅಲ್ಲೇ ಇಡುತ್ತಾಳೆ, ತನಗೆ ಗೊತ್ತಾಗಿದೆ ಅಂತ ತಿಳಿದರೆ ಅವನ ಮಾನ ಹೋಗುತ್ತದಲ್ಲ ಅಂತ! ಗಂಡನ ಮಾನ ಕಾಯಲಿಕ್ಕೆ ಹೋಗಿ ಹೇಳಬೇಕಾದ ಮಾತನ್ನು ನುಂಗಿದವರು ನಮ್ಮಲ್ಲಿ ಕಡಿಮೆಯೇ?

ಅಮ್ಮ ಭಾಗವತ ಆಗಲಿ

ಹಾಗಾದರೆ ನಡುವೆ ಸಿಕ್ಕಿಬಿದ್ದವಳು ಏನು ಮಾಡಬೇಕು? ಅಕ್ಕನಿಗೆ ನಾನು ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲು ಈ ಅಂಚೆ ಕೆಲಸಕ್ಕೆ ರಾಜೀನಾಮೆ ಕೊಡಿ. ನಾವು ಮಾತು ದಾಟಿಸುವಾಗ ಇದ್ದದ್ದನ್ನು ಇದ್ದ ಹಾಗೆ ದಾಟಿಸುವುದಿಲ್ಲ. ಜಗಳ ಬೇಡ ಅಂತ ಅಪ್ಪನ ಮಾತಿಗೆ ಸ್ವಲ್ಪ ಸಕ್ಕರೆ ಹಾಕುತ್ತೇವೆ, ಮಗನ ಮಾತಿನಿಂದ ಖಾರ ತೆಗೆಯುತ್ತೇವೆ. ಅಪ್ಪನಿಗೆ ಮಗ ಒಪ್ಪಿದ ಅಂತ ಭಾಸ, ಮಗನಿಗೆ ಅಪ್ಪ ಬಿಟ್ಟುಕೊಟ್ಟರು ಅಂತ ಭಾಸ. ಒಂದು ದಿನ ಎರಡೂ ಸುಳ್ಳು ಅಂತ ಗೊತ್ತಾದಾಗ ಇಬ್ಬರೂ ತಿರುಗುವುದು ನಮ್ಮ ಮೇಲೆಯೇ. "ನೀನೇ ಅವನನ್ನು ಹಾಳು ಮಾಡಿದ್ದು!" ಮಾರ್ಕ್ಸ್‌ಕಾರ್ಡ್ ಅಡಗಿಸುವುದು, ಸಾಸಿವೆ ಡಬ್ಬಿಯ ದುಡ್ಡನ್ನು ಅಪ್ಪನಿಗೆ ತಿಳಿಯದ ಹಾಗೆ ಕೊಡುವುದು, ಇವೂ ಅದೇ ಸಾಲಿಗೆ ಸೇರಿದವು. ನಾನೂ ಮಾಡಿದ್ದೇನೆ, ಹಾಗಾಗಿ ಬೈಯುವ ಹಕ್ಕು ನನಗಿಲ್ಲ ಬಿಡಿ.

ತಾಳಮದ್ದಳೆಯಲ್ಲಿ ಭಾಗವತರು ಏನು ಮಾಡುತ್ತಾರೆ ನೋಡಿ. ಪದ ಹಾಡಿ ಪ್ರಸಂಗವನ್ನು ಮುಂದೆ ನಡೆಸುತ್ತಾರೆ. ಅರ್ಥ ಹೇಳುವವರು ಬೇರೆ. ಅರ್ಜುನನ ಅರ್ಥವನ್ನು ಭಾಗವತರು ಹೇಳುವುದಿಲ್ಲ, ಬಭ್ರುವಾಹನನ ಅರ್ಥವನ್ನೂ ಹೇಳುವುದಿಲ್ಲ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕೇಳಿಸಿಕೊಂಡು ಕೂತಿರುತ್ತಾರೆ. ಅಮ್ಮನ ಕೆಲಸ ಇಷ್ಟೇ ಆಗಲಿ. "ಇವತ್ತು ರಾತ್ರಿ ಊಟ ಆದ ಮೇಲೆ ಈ ವಿಷಯ ಮಾತಾಡುವ" ಅಂತ ಪದ ಎತ್ತಿಕೊಡಿ. ಮಧ್ಯೆ "ಅವನು ಹೇಳುವುದು ಹಾಗಲ್ಲ..." ಅಂತ ಬಾಯಿ ಹಾಕಬೇಡಿ. ಕಷ್ಟ, ನನಗೆ ಗೊತ್ತು. ಬೇಕಾದರೆ ಎರಡು ಮೊಳ ಮಲ್ಲಿಗೆ ಕಟ್ಟುತ್ತಾ ಕೂರಿ, ಕೈಗೂ ಬಾಯಿಗೂ ಕೆಲಸ ಆಗುತ್ತದೆ.

ಎದುರು ಬದುರು ಕೂತರೆ ನಮ್ಮ ಕಡೆಯ ಗಂಡಸರಿಗೆ ಮಾತೇ ಹೊರಡುವುದಿಲ್ಲ. ಒಟ್ಟಿಗೆ ಏನಾದರೂ ಮಾಡುತ್ತಿದ್ದರೆ ಹೊರಡುತ್ತದೆ. ಉಪ್ಪಿನಂಗಡಿಯಿಂದ ಕಡಬದ ಮೇಲಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಡಬದ ಹೆಂಗಸೊಬ್ಬರು ತಮ್ಮ ಮನೆಯ ವಿಷಯ ಹೇಳಿದರು. ಅವರ ಗಂಡ-ಮಗ ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಮಾತು ಶುರುವಾದದ್ದು ರಬ್ಬರ್ ತೋಟದಲ್ಲಿ. ಟ್ಯಾಪಿಂಗಿನವನು ಬಾರದ ದಿನ ಬೆಳಿಗ್ಗೆ ಇಬ್ಬರೂ ತಲೆಗೆ ಲೈಟು ಕಟ್ಟಿಕೊಂಡು ಹೋಗಬೇಕಾಯಿತು. "ಕತ್ತಲೆಯಲ್ಲಿ ಮುಖ ಕಾಣುವುದಿಲ್ಲ ಅಲ್ವಾ, ಅದಕ್ಕೇ ಮಾತು ಬಂತು ಮಾರಾಯ್ತಿ" ಅಂತ ನಕ್ಕರು.

ಇನ್ನು ಅಪ್ಪನ ಈಡೇರದ ಕನಸು. ಅದನ್ನು ಮುಚ್ಚಿಡಬೇಡಿ, ಕಥೆಯಾಗಿ ಹೇಳಿಸಿ. "ನಾನು ಆಗಲಿಲ್ಲ, ನೀನಾದರೂ ಆಗು" ಅಂದರೆ ಅದು ಮಗನ ತಲೆಯ ಮೇಲಿನ ಸಾಲ. "ನನಗೆ ಹೀಗೊಂದು ಆಸೆ ಇತ್ತು, ನನ್ನ ಅಪ್ಪ ಬೇಡ ಅಂದರು, ಆ ರಾತ್ರಿ ನಿದ್ದೆ ಬರಲಿಲ್ಲ" ಅಂದರೆ ಅದು ಅಪ್ಪನ ಕಥೆ. ಶಿವರಾಮ ಕಾರಂತರು ಪುತ್ತೂರಿನಲ್ಲಿದ್ದ ಕಾಲದಲ್ಲಿ, 1940ರ ದಶಕದ ಆರಂಭದಲ್ಲಿ ಬಂದ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ರಾಮ ಐತಾಳರು ಮಗ ಲಚ್ಚನನ್ನು ಇಂಗ್ಲಿಷ್ ಓದಿಸಲು ಏನೆಲ್ಲ ಪಾಡು ಪಟ್ಟರು! ಅವನು ದಾರಿ ತಪ್ಪಿದ. ಕೊನೆಗೆ ಐತಾಳರು ಆಸ್ತಿಯನ್ನು ಸೊಸೆ ನಾಗವೇಣಿಯ ಹೆಸರಿಗೆ ಬರೆಯಬೇಕಾಯಿತು. ಓದಿದ ಮೇಲೂ ಮಣ್ಣಿಗೆ ಮರಳಿದವನು ಮೊಮ್ಮಗ. ಅಕ್ಕನ ಮಗನಿಗೆ ಈ ಪುಸ್ತಕ ಕೊಟ್ಟು ಬಂದಿದ್ದೇನೆ. ಅಪ್ಪನೂ ಓದಿದರೆ ಒಳ್ಳೆಯದೇ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡಿ. ಅಪ್ಪನೋ ಮಗನೋ ಊಟ ನಿದ್ದೆ ಬಿಟ್ಟರೆ, ಕುಡಿತಕ್ಕೆ ಬಿದ್ದರೆ, "ನಾನು ಇದ್ದು ಏನು ಪ್ರಯೋಜನ" ಅನ್ನುವ ಮಾತು ಬಾಯಲ್ಲಿ ಬಂದರೆ ಲಿಂಡಾಳ ಹಾಗೆ ಮಾನಕ್ಕೆ ಅಂಜಿ ಸುಮ್ಮನೆ ಇರಬಾರದು. ನೇರವಾಗಿ ಕೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ಪರವಾಗಿ ನೀವೂ ಫೋನ್ ಮಾಡಿ ಕೇಳಬಹುದು.

ಅಂದಹಾಗೆ ಆವತ್ತಿನ ಆಟದಲ್ಲಿ ಮಗನ ಬಾಣಕ್ಕೆ ಅರ್ಜುನ ಸತ್ತು ಬಿದ್ದ. ನಾಗಲೋಕದಿಂದ ಸಂಜೀವಕ ಮಣಿ ಬಂದು ಎದ್ದು ಕೂತ. ಅಪ್ಪ-ಮಗ ಅಪ್ಪಿಕೊಂಡರು. ಜೀಪಿನಲ್ಲಿ ವಾಪಸು ಬರುವಾಗ ಡ್ರೈವಿಂಗ್ ಸೀಟಿನಲ್ಲಿ ಮಗ, ಪಕ್ಕದಲ್ಲಿ ಭಾವ, ಹಿಂದೆ ನಾವಿಬ್ಬರು. ತುಂಬಾ ಹೊತ್ತು ಯಾರದ್ದೂ ಮಾತಿಲ್ಲ. ತಿರುವಿನಲ್ಲಿ ಭಾವ, "ನಿನ್ನ ಮಗನಿಗೆ ಹೇಳು, ಸ್ವಲ್ಪ ನಿಧಾನ ಬಿಡಲಿಕ್ಕೆ" ಅಂದರು. ಅಕ್ಕ ನನ್ನ ಕೈ ಚಿವುಟಿದಳು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿ ಕೂತಳು. ಒಂದು ನಿಮಿಷ ಆಯಿತು. ಎರಡನೇ ತಿರುವು ಬಂತು.

"ಏ, ನಿಧಾನ ಹೋಗು ಮಾರಾಯ. ದಾರಿಯಲ್ಲಿ ಕಾಡುಹಂದಿ ಇರ್ತದೆ" ಅಂದರು ಭಾವ, ಮಗನ ಕಡೆ ತಿರುಗಿ.

"ಆಯ್ತಪ್ಪ" ಅಂತ ಅವನು ಗೇರು ಇಳಿಸಿದ.